ನಮ್ಮೂರಾಗ ‘ಐತಿ’ ಇಲ್ರೀ, ‘ಅದ’

ಕನ್ನಡದ ಒಂದು ದೊಡ್ಡ ಕಾದಂಬರಿ ಸಿನಿಮಾ ಆಗ್ತದೆ ಅಂತ ಸುದ್ದಿ ಬಂದರೆ ಸಾಕು, ಜಗಳ ಶುರು. ಮೂಲಕ್ಕೆ ನಿಷ್ಠೆ ಉಳೀತೋ ಇಲ್ಲವೋ, ಆ ಪ್ರಸಂಗ ಯಾಕೆ ಬಿಟ್ಟರು, ಈ ಹಾಡು ಯಾಕೆ ಸೇರಿಸಿದರು, ಕೊನೆ ಯಾಕೆ ಬದಲಾಯಿಸಿದರು. ಐವತ್ತು ವರ್ಷದಿಂದ ಇದೇ ಜಗಳ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಸೇರಿಸಿ ‘ನಾಗರಹಾವು’ ಮಾಡಿದರು. ನನ್ನ ನಾಗರಹಾವನ್ನ ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಬೇಜಾರು ಮಾಡಿಕೊಂಡರು ಅನ್ನೋ ಮಾತು ಇವತ್ತಿಗೂ ಓಡಾಡ್ತದೆ. ಆ ಸಿನಿಮಾ ಮಾತ್ರ ಚಿತ್ರದುರ್ಗದ ಕೋಟೆ ಹತ್ತಿದವರ ಬಾಯಲ್ಲಿ ಇನ್ನೂ ಜೀವಂತ ಅದ. ಕಾದಂಬರಿಯೂ ಅಂಗಡಿಯಲ್ಲಿ ಸಿಗ್ತದೆ. ಯಾರಿಗೂ ಏನೂ ನಷ್ಟ ಆಗಲಿಲ್ಲ.

ಹಂಗಾಗಿ ಈ ಕಥೆ ಬದಲಾಯಿಸುವ ಜಗಳ ನನಗೆ ದೊಡ್ಡದಲ್ಲ. ಹಳೆಯ ಸಿಸ್ಟಮ್ಮುಗಳನ್ನ ಹೊಸ ಪ್ಲಾಟ್‌ಫಾರ್ಮಿಗೆ ಒಯ್ಯೋದು ನನ್ನ ಹೊಟ್ಟೆಪಾಡಿನ ಕೆಲಸ. ಒಂದು ಸಾಲು ಕೋಡ್ ಕೂಡ ಹಳೆಯದು ಉಳಿಯೋದಿಲ್ಲ, ಎಲ್ಲಾ ಕಿತ್ತು ಹಾಕ್ತೀವಿ. ಅದಕ್ಕೆ ಯಾರೂ ಅಳೋದಿಲ್ಲ. ಆದರೆ ಹಳೆಯದು ಏನು ಮಾಡ್ತಿತ್ತೋ ಅದನ್ನ ಹೊಸದೂ ಮಾಡಲೇಬೇಕು. ಮಾಡಲಿಲ್ಲ ಅಂದರೆ ಅದು ಬರೀ ಹೊಸ ಪೇಂಟು. ಕಾದಂಬರಿಯಲ್ಲಿ ಆ ‘ಮಾಡಲೇಬೇಕಾದ್ದು’ ಯಾವುದು? ನನ್ನ ಮಟ್ಟಿಗೆ ಅದು ಪಾತ್ರದ ಬಾಯಿ. ಯಾವ ನೆಲದ ಮನುಷ್ಯ, ಯಾವ ಮಾತು ಆಡ್ತಾನೆ, ಆ ಮಾತಿನಲ್ಲಿ ಸಿಟ್ಟು ಹೆಂಗ ಬರ್ತದೆ, ಪ್ರೀತಿ ಹೆಂಗ ಬರ್ತದೆ. ಅದು ಹೋದರೆ ಎಲ್ಲಾ ಪ್ರಸಂಗ ಒಂದೂ ಬಿಡದೆ ತೆಗೆದರೂ ಕಾದಂಬರಿ ಸತ್ತಂಗೇ.

ಆರ್.ಕೆ. ನಾರಾಯಣ್ ಅವರ ‘ಗೈಡ್’ ಕಾದಂಬರಿ 1965ರಲ್ಲಿ ಹಿಂದಿ ಸಿನಿಮಾ ಆಯಿತಲ್ಲ, ಅದರಲ್ಲಿ ಮಾಲ್ಗುಡಿಯನ್ನ ಎತ್ತಿಕೊಂಡು ಹೋಗಿ ರಾಜಸ್ಥಾನದಲ್ಲಿ ಇಟ್ಟರು. ಸಿನಿಮಾ ಭಾರೀ ಓಡಿತು, ಹಾಡುಗಳು ಇನ್ನೂ ಕೇಳ್ತೀವಿ. ನಾರಾಯಣ್ ಮಾತ್ರ ಅದರ ಮೇಲೆ ಒಂದು ಲೇಖನವನ್ನೇ ಬರೆದು ತಮ್ಮ ಬೇಸರ ಕಾರಿಕೊಂಡರು. ಮುಂದೆ ಇಪ್ಪತ್ತು ವರ್ಷದ ಮೇಲೆ ಶಂಕರ್ ನಾಗ್ ‘ಮಾಲ್ಗುಡಿ ಡೇಸ್’ ತೆಗೆದಾಗ ಆಗುಂಬೆಗೆ ಹೋದರು. ಅದೂ ಹಿಂದಿಯೇ. ಆದರೆ ಊರು ಊರಾಗಿ ಉಳೀತು. ಆ ಊರಿನ ಮಳೆ, ಓಣಿ, ಜಗಲಿ ಎಲ್ಲಾ ದಕ್ಷಿಣದ್ದೇ. ನೋಡಿದವರಿಗೆ ಇದು ನಮ್ಮದು ಅನ್ನಿಸಿತು.

ಇಷ್ಟು ಪೀಠಿಕೆ ಸಾಕು. ನನ್ನ ತಕರಾರು ಬೇರೆ ಕಡೆ ಅದ.

ಕನ್ನಡದ ಕಾದಂಬರಿ ಆಧಾರಿತ ಸಿನಿಮಾಗಳ ಪಟ್ಟಿ ಒಮ್ಮೆ ಮನಸ್ಸಿನಲ್ಲಿ ಓಡಿಸಿರಿ. 1970ರ ‘ಸಂಸ್ಕಾರ’, ಆಮೇಲೆ ‘ವಂಶವೃಕ್ಷ’, 1973ರ ‘ಕಾಡು’, 1975ರ ‘ಚೋಮನ ದುಡಿ’, 1977ರ ‘ಘಟಶ್ರಾದ್ಧ’ ಮತ್ತು ‘ತಬ್ಬಲಿಯು ನೀನಾದೆ ಮಗನೆ’, 1983ರ ‘ಫಣಿಯಮ್ಮ’, 1999ರ ‘ಕಾನೂರು ಹೆಗ್ಗಡಿತಿ’, 2016ರ ‘ಕಿರಗೂರಿನ ಗಯ್ಯಾಳಿಗಳು’, 2019ರ ‘ಮೂಕಜ್ಜಿಯ ಕನಸುಗಳು’. ಈಗ ಇವು ನಡೆಯೋ ಊರುಗಳಿಗೆ ಮ್ಯಾಪಿನ ಮೇಲೆ ಒಂದೊಂದು ಗುಂಡುಪಿನ್ನು ಚುಚ್ಚಿರಿ. ಮಲೆನಾಡು, ಕರಾವಳಿ, ಹಳೇ ಮೈಸೂರು. ತುಂಗಭದ್ರೆ ದಾಟಿ ಈಕಡಿ ಒಂದು ಪಿನ್ನೂ ಬರೋದಿಲ್ಲ. ಹುಡುಕಿದರೆ ಅಲ್ಲೊಂದು ಇಲ್ಲೊಂದು ಸಿಗ್ತಾವ: ಕುಂ. ವೀರಭದ್ರಪ್ಪನವರ ಕಥೆಯಿಂದ ‘ಕೊಟ್ರೇಶಿ ಕನಸು’, ಅಮರೇಶ ನುಗಡೋಣಿ ಅವರ ‘ಸವಾರಿ’ ಕಥೆಯಿಂದ ಕಾಸರವಳ್ಳಿ ಮಾಡಿದ ‘ಕನಸೆಂಬ ಕುದುರೆಯನೇರಿ’. ಬೆರಳೆಣಿಕೆ ಅಷ್ಟೇ.

ಇದರಲ್ಲಿ ಆ ನಿರ್ದೇಶಕರ ತಪ್ಪು ಹುಡುಕೋ ಚಟ ನನಗಿಲ್ಲ. ತಮಗೆ ಗೊತ್ತಿದ್ದ ನೆಲದ ಮೇಲೆ ಅವರು ಕ್ಯಾಮೆರಾ ಇಟ್ಟರು, ಚಂದ ಇಟ್ಟರು. ‘ಸಂಸ್ಕಾರ’ದ ಅಗ್ರಹಾರ ನೋಡಿದಾಗ ನಾನು ಕಂಡಿರದ ಒಂದು ಲೋಕ ನನಗೆ ಗೊತ್ತಾಯಿತು. ಮಹಾಗಾಂವದ ಕರಿಮಣ್ಣಿನ ಹುಡುಗನಿಗೆ ಶೃಂಗೇರಿ ಕಡೆಯ ಅಗ್ರಹಾರ ತಿಳೀತಾದ ಅಂದಮ್ಯಾಲ ಶೃಂಗೇರಿಯ ಹುಡುಗನಿಗೆ ಕಲಬುರಗಿಯ ಓಣಿ ಯಾಕೆ ತಿಳಿಯಂಗಿಲ್ಲ? ‘ಜನರಿಗೆ ಆ ಭಾಷೆ ಅರ್ಥ ಆಗಲ್ಲ ಸರ್’ ಅಂತ ಹೇಳೋವ್ರು ಈ ಪ್ರಶ್ನೆಗೆ ಒಮ್ಮೆ ಉತ್ತರ ಕೊಡಲಿ. ನಾವು ಅವರ ಭಾಷೆ ಅರ್ಥ ಮಾಡಿಕೊಂಡೆವು. ಯಾರೂ ನಮ್ಮನ್ನ ಕೇಳಲಿಲ್ಲ, ‘ನಿಮಗೆ ಅರ್ಥ ಆಗ್ತದೇನ್ರೀ’ ಅಂತ.

ನಮ್ಮ ಮಾತು ಪರದೆ ಮೇಲೆ ಬರೋದೇ ಇಲ್ಲ ಅಂತಲ್ಲ. ಬರ್ತದೆ. ಹೀರೋನ ಗೆಳೆಯ, ದಡ್ಡ ಪೊಲೀಸ್ ಪೇದೆ, ಬೆಂಗಳೂರಿಗೆ ಬಂದು ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಳ್ಳೋ ಮನುಷ್ಯ, ಇಲ್ಲಾ ಮೀಸೆ ತಿರುವೋ ರೌಡಿ. ನಗಬೇಕು ಇಲ್ಲಾ ಹೆದರಬೇಕು, ನಡುವೆ ಬೇರೇನಿಲ್ಲ. ಪ್ರೀತಿ ಮಾಡೋ ಹುಡುಗಿ ನಮ್ಮ ಮಾತು ಆಡೋದಿಲ್ಲ, ಜಡ್ಜ್ ಆಡೋದಿಲ್ಲ, ಡಾಕ್ಟರ್ ಆಡೋದಿಲ್ಲ. ಅದಕ್ಕಿಂತ ಹೆಚ್ಚು ಹೊಟ್ಟೆ ಉರಿಯೋ ಮಾತು ಅಂದರೆ ಅದು ನಮ್ಮ ಮಾತೇ ಅಲ್ಲ. ‘ಉತ್ತರ ಕರ್ನಾಟಕದ ಭಾಷೆ’ ಅಂತ ಒಂದು ಡಬ್ಬಿ ಮಾಡಿಟ್ಟುಕೊಂಡಿದ್ದಾರೆ. ಅದರಲ್ಲಿ ಒಂದು ಹಿಡಿ ‘ಐತಿ’, ಒಂದು ಹಿಡಿ ‘ಮಾಡಾಕತ್ತೀನಿ’, ನಾಕು ‘ಲೇ’, ಒಂದು ಬೈಗುಳ. ಬೆಳಗಾವಿಯವನಿರಲಿ, ಬಳ್ಳಾರಿಯವನಿರಲಿ, ಬೀದರಿನವನಿರಲಿ, ಎಲ್ಲರಿಗೂ ಇದನ್ನೇ ಬಡಿಸೋದು.

ನಮ್ಮೂರಾಗ ‘ಐತಿ’ ಇಲ್ರೀ. ‘ಅದ’. ‘ಮಾಡಾಕತ್ತೀನಿ’ ಅಲ್ಲ, ‘ಮಾಡ್ಲಕತ್ತೀನಿ’. ಧಾರವಾಡದ ಕೆಲವು ಮನೆಗಳಲ್ಲೂ ‘ಅದ’ ಅಂತಾರೆ, ಅದು ಬೇರೆ ಮಾತು, ಅವರ ರಾಗ ಬೇರೆ. ನಮ್ಮಲ್ಲಿ ತಾತ ಇಲ್ಲ, ಮುತ್ಯಾ ಇದ್ದಾನೆ. ಆಸ್ಪತ್ರೆಗೆ ಹೋಗೋದಿಲ್ಲ, ದವಾಖಾನಿಗೆ ಹೋಗ್ತೀವಿ. ಚಿಂತೆ ಮಾಡೋದಿಲ್ಲ, ಫಿಕರ್ ಮಾಡ್ತೀವಿ. ನಿಜ ಅನ್ನೋದಿಲ್ಲ, ಖರೇ ಅಂತೀವಿ. ಒಂದೇ ವಾಕ್ಯದಲ್ಲಿ ಉರ್ದು, ಮರಾಠಿ, ತೆಲುಗು ಮೂರೂ ಬಂದು ಕೂಡ್ತಾವ, ಯಾರೂ ಯಾರಿಗೂ ಜಾಗ ಬಿಡು ಅನ್ನೋದಿಲ್ಲ. ಬಂದೇ ನವಾಜರ ದರ್ಗಾ ಮತ್ತು ಶರಣಬಸವೇಶ್ವರರ ಗುಡಿ ಒಂದೇ ಊರಿನಲ್ಲಿರುವ ಕಡೆ ಮಾತು ಹಿಂಗೇ ಇರ್ತದೆ. 1948ರ ತನಕ ನಿಜಾಮರ ಕೈಕೆಳಗೆ, 1956ರ ತನಕ ಹೈದರಾಬಾದ್ ರಾಜ್ಯದೊಳಗೆ ಇದ್ದ ನೆಲ. ಆ ಇತಿಹಾಸ ನಮ್ಮ ತಹಶೀಲ್ ಕಚೇರಿಯ ದಫ್ತರಿನಲ್ಲಿ ಇರೋದಕ್ಕಿಂತ ಹೆಚ್ಚು ನಮ್ಮ ನಾಲಿಗೆ ಮೇಲೆ ಅದ. ಡಬ್ಬಿಯ ಭಾಷೆ ಅದನ್ನ ಒಂದೇ ಏಟಿಗೆ ಒರೆಸಿ ಹಾಕ್ತದೆ.

‘ಇಷ್ಟು ಸಣ್ಣ ವಿಷಯಕ್ಕ ಯಾಕ ಇಷ್ಟು ಸಿಟ್ಟು’ ಅಂತ ಕೇಳಬಹುದು. ಹೇಳ್ತೀನಿ. ನಾನು ಮೊದಲು ಕೆಲಸಕ್ಕೆ ಸೇರಿದ ಕಡೆ, ಯಾವ ಕಂಪನಿ ಅನ್ನೋದು ಬ್ಯಾಡ, ಮಧ್ಯಾಹ್ನ ಊಟಕ್ಕೆ ಕೂತಾಗ ‘ನನಗ ಸಾಕ್ರೀ, ಹೊಟ್ಟಿ ತುಂಬ್ಯಾದ’ ಅಂದೆ. ಟೇಬಲ್ಲಿನ ತುಂಬ ನಗು. ಒಬ್ಬರು, ಕೆಟ್ಟ ಮನುಷ್ಯ ಅಲ್ಲ, ‘ಇನ್ನೊಂದು ಡೈಲಾಗ್ ಹೊಡಿ ಗುರೂ’ ಅಂದರು. ನಾನು ಡೈಲಾಗ್ ಹೊಡೆದಿರಲಿಲ್ಲ. ಊಟ ಸಾಕು ಅಂದಿದ್ದೆ. ಆ ಮಾತಿಗೆ ನಗಬೇಕು ಅಂತ ಅವರಿಗೆ ಕಲಿಸಿದ್ದು ಯಾರು? ಅವರ ಅಪ್ಪ ಅಮ್ಮ ಅಲ್ಲ. ಅವರು ಹುಟ್ಟಿದಾಗಿನಿಂದ ಆ ಧ್ವನಿಯನ್ನ ಬರೀ ಕಾಮಿಡಿ ಟ್ರ್ಯಾಕಿನಲ್ಲಿ ಕೇಳಿದ್ದಾರೆ. ಬೆಲ್ ಬಾರಿಸಿದರೆ ಜೊಲ್ಲು ಸುರಿಯೋ ನಾಯಿಯ ಪ್ರಯೋಗ ಶಾಲೆಯಲ್ಲಿ ಓದಿದ್ದೆವಲ್ಲ, ಹಂಗ.

ನನ್ನದು ಹೋಗಲಿ, ನಾನು ದೊಡ್ಡವನು, ಬೆಂಗಳೂರಿನಲ್ಲಿ ‘ಇದೆ’, ಊರಿನಲ್ಲಿ ‘ಅದ’ ಅಂತ ಸ್ವಿಚ್ ಹಾಕಿಕೊಂಡು ಬದುಕ್ತೀನಿ. ನಮ್ಮಣ್ಣನ ಮಗಳು ಕಲಬುರಗಿಯಲ್ಲಿ ಮೂರನೇ ಇಯತ್ತೆ. ಟಿವಿ ನೋಡಿ ನೋಡಿ ಮುತ್ಯಾನಿಗೆ ‘ತಾತ’ ಅಂತಾಳ. ಮುತ್ಯಾ ‘ಯಾರನ್ನ ಕರೀಲಕತ್ತೀ ಅವ್ವಾ’ ಅಂದರೆ ‘ಮುತ್ಯಾ ಅಂದ್ರ ಹಳ್ಳಿಯವ್ರು ಅನ್ನೋದು’ ಅಂತ ಅವಳ ಉತ್ತರ. ಎಂಟು ವರ್ಷದ ಕೂಸು. ತನ್ನ ಮನೆಯ ಮಾತು ಕೀಳು ಅಂತ ಅದಕ್ಕೆ ಯಾರೂ ಪಾಠ ಮಾಡಿಲ್ಲ. ಪರದೆ ಮೇಲೆ ಆ ಮಾತು ಇಲ್ಲದೇ ಇರೋದೇ ಪಾಠ.

ಇಲ್ಲಿ ಕಾದಂಬರಿಗೆ ಬರ್ತೀನಿ. ಇದಕ್ಕೆ ಔಷಧ ಹೊಸದಾಗಿ ಕಂಡುಹಿಡಿಯೋದು ಬ್ಯಾಡ. ಬರೆದಿಟ್ಟಿದ್ದಾರೆ. ಕಲಬುರಗಿಗೆ ಹತ್ತಿರದ ಸಾವಳಗಿಯಲ್ಲಿ 1942ರಲ್ಲಿ ಹುಟ್ಟಿದ, ಎಂಎಸ್‌ಕೆ ಮಿಲ್ಲಿನ ಕೂಲಿಕಾರನ ಮಗಳು ಗೀತಾ ನಾಗಭೂಷಣ ಬರೆದಿಟ್ಟಿದ್ದಾರೆ. ಅವರ ‘ಬದುಕು’ ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಪ್ರಶಸ್ತಿ ಪಡೆದ ಮೊದಲ ಕನ್ನಡ ಲೇಖಕಿ ಅವರು. 2010ರಲ್ಲಿ ಗದಗಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. 2020ರ ಜೂನ್‌ನಲ್ಲಿ ಹೋದರು. ‘ಬದುಕು’ ಓದಿದವರಿಗೆ ಗೊತ್ತು, ಅದು ಸುಮ್ಮನೆ ‘ಪ್ರಾದೇಶಿಕ ಸೊಗಡಿನ’ ಪುಸ್ತಕ ಅಲ್ಲ. (ಈ ‘ಸೊಗಡು’ ಅನ್ನೋ ಶಬ್ದ ಕಂಡರೆ ನನಗೆ ಮೈ ಉರೀತದ. ಮೈಸೂರಿನವರು ಬರೆದರೆ ಭಾಷೆ, ನಾವು ಬರೆದರೆ ಸೊಗಡು.) ದಲಿತರು, ಹಿಂದುಳಿದವರು, ಎಲ್ಲರಿಗಿಂತ ಕೆಳಗೆ ಅವರ ಮನೆಯ ಹೆಣ್ಣುಮಕ್ಕಳು, ಅವರ ಹಸಿವು, ಹಾದರ, ಜಾತ್ರೆ, ಜಗಳ ಎಲ್ಲಾ ಅವರದೇ ಬಾಯಿಂದ ಬರ್ತದೆ. ಆ ಹೆಂಗಸರು ಬೈಯೋದನ್ನ ಓದಬೇಕು. ಬೈಗುಳದಲ್ಲಿ ಅಳು ಅದ, ಅಳುವಿನಲ್ಲಿ ಲೆಕ್ಕಾಚಾರ ಅದ. ಕಾಮಿಡಿ ಟ್ರ್ಯಾಕಿನವರಿಗೆ ಅದು ಎಂದಾದರೂ ಕೇಳಿಸಿತ್ತೇ?

ಗೀತಾ ಅವರ ಕಾದಂಬರಿ ಸಿನಿಮಾ ಆಗಿಲ್ಲ ಅಂತಲ್ಲ. ‘ಹಸಿಮಾಂಸ ಮತ್ತು ಹದ್ದುಗಳು’ ಅನ್ನೋ ಅವರ ಕಾದಂಬರಿ ಸಿನಿಮಾ ಆಯಿತು. ಹೆಸರು ಏನಿಟ್ಟರು ಗೊತ್ತೇನು? ‘ಹೆಣ್ಣಿನ ಕೂಗು’. ಎರಡೂ ಹೆಸರು ಪಕ್ಕಪಕ್ಕ ಇಟ್ಟು ನೋಡಿರಿ. ಮೊದಲನೆಯದರಲ್ಲಿ ಹದ್ದು ಯಾರು ಅಂತ ಕೇಳಬೇಕಾಗ್ತದೆ, ನಾವೇ ಇರಬಹುದೇನೋ ಅಂತ ಕುರ್ಚಿ ಮೇಲೆ ಮಿಸುಕಾಡಬೇಕಾಗ್ತದೆ. ಎರಡನೆಯದರಲ್ಲಿ ಅಯ್ಯೋ ಪಾಪ ಅಂದು ಕಣ್ಣೊರೆಸಿಕೊಂಡು ಮನೆಗೆ ಹೋಗಬಹುದು. ಥಿಯೇಟರಿನ ಬಾಗಿಲಿಗೆ ಬರೋದರೊಳಗೇ ಮುಳ್ಳು ತೆಗೆದಾಗಿತ್ತು.

ಈಗ ಬರೋದು ಲೆಕ್ಕದವರ ವಾದ: ಮಾರ್ಕೆಟ್ ಇಲ್ಲ. ಈ ಮಾತು ಕೇಳಿದಾಗ ನನಗೆ ಪಕ್ಕದ ತೆಲಂಗಾಣ ನೆನಪಾಗ್ತದೆ. ನಾವೂ ಅವರೂ ಎಂಟು ವರ್ಷ ಒಂದೇ ಹೈದರಾಬಾದ್ ರಾಜ್ಯದಲ್ಲಿ ಇದ್ದವರು, ಅದಕ್ಕಿಂತ ಮೊದಲು ಒಂದೇ ನಿಜಾಮನ ಪ್ರಜೆಗಳು. ತೆಲುಗು ಸಿನಿಮಾದಲ್ಲಿ ಹೀರೋ ಗೋದಾವರಿ ಕಡೆಯ ತೆಲುಗು ಆಡಬೇಕು, ತೆಲಂಗಾಣದ ತೆಲುಗು ವಿಲನ್ನಿಗೆ ಮತ್ತು ಜೋಕರಿಗೆ ಅನ್ನೋದು ದಶಕಗಳ ಕಾಲ ನಡೀತು. ಥೇಟ್ ನಮ್ಮ ಕಥೆ. ಅದರ ನಡುವೆಯೂ ಎಂಬತ್ತರ ಸುಮಾರಿಗೆ ಗೌತಮ್ ಘೋಷ್ ಅನ್ನೋ ಬಂಗಾಳಿ ಬಂದು, ಕೃಷನ್ ಚಂದರ್ ಅವರ ಉರ್ದು ಕಾದಂಬರಿ ಹಿಡಿದು, ತೆಲಂಗಾಣದ ರೈತರ ಮಾತಿನಲ್ಲೇ ‘ಮಾ ಭೂಮಿ’ ಮಾಡಿದ. ಬಂಗಾಳಿ ನಿರ್ದೇಶಕ, ಉರ್ದು ಪುಸ್ತಕ, ತೆಲಂಗಾಣದ ಬಾಯಿ! ಮನಸ್ಸಿದ್ದರೆ ಇಷ್ಟು ದೂರದಿಂದ ಬಂದವರಿಗೂ ಆಗ್ತದೆ. ಆಮೇಲೆ 2023ರಲ್ಲಿ ‘ಬಲಗಂ’ ಬಂತು. ಹಳ್ಳಿಯೊಂದರ ಸಾವಿನ ಮನೆಯ ಕಥೆ, ಪೂರ್ತಿ ತೆಲಂಗಾಣದ ಮಾತು, ಸ್ಟಾರುಗಳಿಲ್ಲ. ಊರೂರಿನಲ್ಲಿ ಪರದೆ ಕಟ್ಟಿ ಜನ ಒಟ್ಟಿಗೆ ಕೂತು ಅತ್ತರು.

ತೆಲಂಗಾಣ ಬ್ಯಾಡ ಅಂದರೆ ಸೊಲ್ಲಾಪುರ ನೋಡಿರಿ, ಕಲಬುರಗಿಯಿಂದ ರೈಲು ಹತ್ತಿದರೆ ಎರಡು ತಾಸು. ಅದೇ ಜಿಲ್ಲೆಯ ಕರ್ಮಾಳದ ನಾಗರಾಜ್ ಮಂಜುಳೆ 2016ರಲ್ಲಿ ತನ್ನೂರಿನ ಮಾತಿನಲ್ಲಿ ‘ಸೈರಾಟ್’ ಮಾಡಿದ. ಪುಣೆಯ ಮರಾಠಿ ಆಡಿಸಲಿಲ್ಲ. ಅಲ್ಲಿಯ ತನಕದ ಮರಾಠಿ ಸಿನಿಮಾದ ಗಳಿಕೆಯ ದಾಖಲೆಗಳೆಲ್ಲ ಮುರಿದವು. ಇಲ್ಲಾ ನಮ್ಮದೇ ‘ಕಾಂತಾರ’, 2022. ಕುಂದಾಪುರದ ಕಡೆಯ ಕನ್ನಡ. ಕಲಬುರಗಿಯ ಟಾಕೀಜಿನಲ್ಲಿ ನಮ್ಮ ಮಂದಿ ಅರ್ಧ ಶಬ್ದ ಬಿಟ್ಟು ಅರ್ಧ ಹಿಡಿದು ನೋಡಿದರು, ಮತ್ತೊಮ್ಮೆ ಹೋಗಿ ನೋಡಿದರು. ‘ಅರ್ಥ ಆಗಲ್ಲ’ ಅನ್ನೋ ವಾದ ಆವತ್ತೇ ಸತ್ತಿತ್ತು. ಹೆಣ ಎತ್ತಲಿಲ್ಲ ಅಷ್ಟೇ.

ಹಾಗಂತ ಎಲ್ಲಾ ದೋಷ ಗಾಂಧಿನಗರದ ಮೇಲೆ ಹೊರಿಸಿ ನಾವು ಕೈ ತೊಳ್ಕೊಳ್ಳೋದು ಸುಲಭ. ನಮ್ಮವರು ಏನು ಮಾಡ್ಲಕತ್ತಾರ? 2020ರಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ಆಯಿತು, ಪೆಂಡಾಲು, ಊಟ, ಮೆರವಣಿಗೆ ಎಲ್ಲಾ ಜೋರು. 371ಜೆ ಬಂತು, ನೌಕರಿ ಮತ್ತು ಸೀಟಿನಲ್ಲಿ ಪಾಲು ಸಿಕ್ಕಿತು, ಅದು ಸಣ್ಣ ಮಾತಲ್ಲ. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಕಮಲಾಪುರದ ಕೆಂಪು ಬಾಳೆಹಣ್ಣಿಗೆ ಜಿಐ ಟ್ಯಾಗ್ ಬಂತು, ತೊಗರಿಬೇಳೆಗೂ ಬಂತು. ಆದರೆ ಇದೇ ಊರಿನಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮುಂಬೈಗೆ ಹೋಗಿ ಹಿಂದಿ ಸಿನಿಮಾಗಳಿಗೆ ಚಿತ್ರ ಬರೆದು ಹೆಸರಾದರು, ನಾವು ಅವರ ಹೆಸರಿನಲ್ಲಿ ರಂಗಮಂದಿರ ಕಟ್ಟಿದೆವು. ಆ ರಂಗಮಂದಿರದಲ್ಲಿ ನಿಂತು ಭಾಷಣ ಮಾಡೋ ಮುಖಂಡರು ಮೈಕ್ ಮುಂದೆ ಬಂದ ಕೂಡಲೇ ‘ಅದ’ ಬಿಟ್ಟು ‘ಇದೆ’ ಹಿಡೀತಾರೆ. ಮನೆಗೆ ಹೋಗಿ ಮತ್ತೆ ‘ಅದ’. ದುಡ್ಡಿದ್ದ ನಮ್ಮವರು ಕಲ್ಯಾಣ ಮಂಟಪ ಕಟ್ಟಿಸ್ತಾರೆ, ಪೆಟ್ರೋಲ್ ಬಂಕ್ ಹಾಕ್ತಾರೆ. ಸಿನಿಮಾ ತೆಗೆಯೋ ಹುಚ್ಚು ಹಿಡಿದರೆ ಬೆಂಗಳೂರಿಗೆ ಬಂದು ಮಚ್ಚು ಲಾಂಗಿನ ಸಿನಿಮಾಕ್ಕೆ ಹಾಕಿ ಕಳ್ಕೊಳ್ತಾರೆ. ಅಷ್ಟು ಕಳ್ಕೊಳ್ಳೋದೇ ಆದರೆ ‘ಬದುಕು’ ಮೇಲೆ ಕಳ್ಕೊಳ್ಳಬಾರದೇನ್ರೀ?

ದುಡ್ಡಿನ ದಾರಿಯೂ ಹೊಸದಾಗಿ ಕಡಿಯೋದು ಬ್ಯಾಡ. ತೇಜಸ್ವಿಯವರ ಕಥೆ ಆಧರಿಸಿದ ‘ಡೇರ್‌ಡೆವಿಲ್ ಮುಸ್ತಾಫಾ’ 2023ರಲ್ಲಿ ಬಂತಲ್ಲ, ಅದಕ್ಕೆ ದುಡ್ಡು ಹಾಕಿದ್ದು ತೇಜಸ್ವಿ ಓದುಗರು. ಓದಿದವರೇ ಕೈಯಿಂದ ಕೈಗೆ ಕೂಡಿಸಿದರು. ನಮ್ಮ ಕಡೆಯಿಂದ ಬಂದು ಬೆಂಗಳೂರು, ಪುಣೆ, ಹೈದರಾಬಾದಿನಲ್ಲಿ ಕೋಡ್ ಬರೆಯೋ ಹುಡುಗರು ಹುಡುಗಿಯರು ಎಷ್ಟು ಮಂದಿ ಇದ್ದೀವಿ? ವರ್ಷಕ್ಕೊಂದು ಫೋನ್ ಬದಲಾಯಿಸ್ತೀವಿ. ಆ ದುಡ್ಡು ಒಂದು ವರ್ಷ ಇದಕ್ಕೆ ಹಾಕಿದರೆ ಫೋನೇನೂ ಸಾಯೋದಿಲ್ಲ.

ಮಾಡೋದಾದರೆ ಎರಡು ತಾಸಿನ ಸಿನಿಮಾ ಬ್ಯಾಡ ಅನ್ನೋದು ನನ್ನ ಅಭಿಪ್ರಾಯ. ಕುವೆಂಪು ಅವರ ದೊಡ್ಡ ಕಾದಂಬರಿಗಳ ಉದಾಹರಣೆಯೇ ಅದ. ‘ಕಾನೂರು ಹೆಗ್ಗಡಿತಿ’ಯನ್ನ ಕಾರ್ನಾಡರಂಥವರು ಸಿನಿಮಾ ಮಾಡಿದಾಗಲೂ ಆ ದೊಡ್ಡ ಮನೆತನದ ಕಥೆ ಬಿಗಿ ಅಂಗಿ ತೊಟ್ಟಂಗ ಕಾಣ್ತದೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನ ಸಿ. ಬಸವಲಿಂಗಯ್ಯ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಇಡೀ ರಾತ್ರಿಯ ನಾಟಕ ಮಾಡಿದರು, ಸುಮಾರು ಒಂಬತ್ತು ತಾಸು. ಜನ ಚಾದರ ಹೊದ್ದು ಕೂತು ಬೆಳಗಿನ ತನಕ ನೋಡಿದರು. ಉದ್ದ ಆದರೆ ಜನ ಎದ್ದು ಹೋಗ್ತಾರೆ ಅನ್ನೋವ್ರು ಆ ರಾತ್ರಿ ಎಲ್ಲಿ ಮಲಗಿದ್ದರೋ. ಕಾಸರವಳ್ಳಿ ಭೈರಪ್ಪನವರ ‘ಗೃಹಭಂಗ’ವನ್ನ ಧಾರಾವಾಹಿ ಮಾಡಿದ್ದೂ ಅದಕ್ಕೇ ಗೆದ್ದದ್ದು, ಕಂತು ಕಂತಾಗಿ ಕಾದಂಬರಿಗೆ ಉಸಿರಾಡೋ ಜಾಗ ಸಿಕ್ಕಿತು. ಧಾರವಾಡದ ಮಾತಿನ ‘ಮೂಡಲಮನೆ’ಯನ್ನ ಇಡೀ ಕರ್ನಾಟಕವೇ ಕೂತು ನೋಡಿತಲ್ಲ, ಆವಾಗ ಯಾರ ಮನೆಯಲ್ಲೂ ಅನುವಾದಕರು ಇರಲಿಲ್ಲ.

ಈಗ ವೆಬ್ ಸೀರೀಸ್ ಅನ್ನೋದು ಬಂದು ಆ ಜಾಗ ಇನ್ನೂ ಅಗಲ ಆಗ್ಯಾದ. ದೊಡ್ಡ ಪ್ಲಾಟ್‌ಫಾರ್ಮುಗಳು ಕನ್ನಡ ಅಂದರೆ ಮೂಗು ಮುರಿತಾವ, ನಿಜ. ಕರಾವಳಿಯ ಕಥೆಗಳ ‘ಏಕಂ’ ಸೀರೀಸಿಗೆ ಯಾರೂ ಬಾಗಿಲು ತೆಗೆಯದೆ 2024ರಲ್ಲಿ ತಮ್ಮದೇ ಜಾಲತಾಣ ಮಾಡಿ ಬಿಡುಗಡೆ ಮಾಡಿದರು. ಅದೇ ವರ್ಷದ ಡಿಸೆಂಬರಿನಲ್ಲಿ ನೆಟ್‌ಫ್ಲಿಕ್ಸ್ ಮಾರ್ಕ್ವೆಜ್‌ನ ‘ಒಂದು ನೂರು ವರ್ಷಗಳ ಏಕಾಂತ’ದ ಮೊದಲ ಎಂಟು ಕಂತು ಬಿಟ್ಟಿತು. ಮಾರ್ಕ್ವೆಜ್ ಬದುಕಿರೋ ತನಕ ಆ ಕಾದಂಬರಿಯನ್ನ ಸಿನಿಮಾಕ್ಕೆ ಕೊಡಲೇ ಇಲ್ಲ. ಅವನು ಹೋದ ಮೇಲೆ ಮಕ್ಕಳು ಒಪ್ಪಿದರು, ಆದರೆ ಕರಾರು ಹಾಕಿ: ಸ್ಪ್ಯಾನಿಷ್‌ನಲ್ಲೇ ಆಗಬೇಕು, ಕೊಲಂಬಿಯಾದಲ್ಲೇ ಆಗಬೇಕು. ಕಥೆ ಸ್ವಲ್ಪ ಆಕಡಿ ಈಕಡಿ ಆದರೆ ಪರವಾಗಿಲ್ಲ, ಬಾಯಿ ಮತ್ತು ನೆಲ ಬದಲಾಗಬಾರದು. ನಾನು ಅದನ್ನ ನೋಡಿದ್ದು ಸಬ್‌ಟೈಟಲ್ ಹಾಕಿಕೊಂಡು. ಕೊಲಂಬಿಯಾದ ಹಳ್ಳಿಯ ಸ್ಪ್ಯಾನಿಷ್ ಮಹಾಗಾಂವದವನಿಗೆ ಮುಟ್ಟಬಹುದಾದರೆ ಕಲಬುರಗಿಯ ಕನ್ನಡ ಜಯನಗರಕ್ಕೆ ಮುಟ್ಟೋದಕ್ಕೆ ಏನು ಧಾಡಿ? ಬೇಕಾದರೆ ಕೆಳಗೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಿರಿ. ನಮಗೇನು ಅವಮಾನ ಇಲ್ಲ.

‘ಬದುಕು’ ಯಾರಾದರೂ ಹಿಡಿದರೆ ಆ ಕರಾರು ನಮ್ಮದೂ ಆಗಬೇಕು. ಕಾನೂನಿನ ಪ್ರಕಾರ ಲೇಖಕಿ ಹೋದ ಮೇಲೆ ಅರವತ್ತು ವರ್ಷ ಹಕ್ಕು ವಾರಸುದಾರರ ಬಳಿ ಇರ್ತದೆ, ಅಂದರೆ 2080ರ ತನಕ. ಅಲ್ಲಿಯ ತನಕ ಕಾಯ್ದು ಪುಕ್ಕಟೆ ಸಿಕ್ಕಾಗ ಮಾಡೋಣ ಅನ್ನೋ ಜಿಪುಣರು ಇದ್ದರೂ ಇರಬಹುದು, ಆದರೆ ಆ ಹೊತ್ತಿಗೆ ‘ಮುತ್ಯಾ’ ಅಂದರೆ ಏನು ಅಂತ ಅಡಿಟಿಪ್ಪಣಿ ಹಾಕಬೇಕಾಗ್ತದೆ. ಈಗಲೇ ಹೋಗಿ ಮರ್ಯಾದೆಯಿಂದ ಕೇಳಿ, ಮರ್ಯಾದೆಯ ದುಡ್ಡು ಕೊಟ್ಟು ಹಕ್ಕು ತಗೊಳ್ರಿ. ಬೆಂಗಳೂರಿನ ಹುಡುಗಿಗೆ ಹದಿನೈದು ದಿನ ‘ಅದ’ ಕಲಿಸಿ ಕರ್ಕೊಂಡು ಬರಬ್ಯಾಡ್ರಿ, ಕಲಬುರಗಿ ರಂಗಾಯಣದಾಗ ಹುಟ್ಟಿನಿಂದ ‘ಅದ’ ಅನ್ನೋ ನಟ ನಟಿಯರು ಇದ್ದಾರೆ. ರಾಮೋಜಿಯಲ್ಲಿ ಸೆಟ್ ಹಾಕೋದೂ ಬ್ಯಾಡ. ಎಂಎಸ್‌ಕೆ ಮಿಲ್ಲಿನ ಓಣಿಗಳು ಅಲ್ಲೇ ಅದಾವ. ಹಳ್ಳಿ ಬೇಕಂದರೆ ಹುಮನಾಬಾದ್ ರೋಡಿನ ಬಸ್ ಹತ್ತಿ ಮಹಾಗಾಂವ ಕ್ರಾಸಿಗೆ ಇಳೀರಿ. ತೊಗರಿ ಹೂ ಬಿಟ್ಟ ದಿನಗಳಲ್ಲಿ ಬಂದರೆ ಲೈಟಿಂಗ್ ಖರ್ಚೂ ಉಳೀತದ. ಸಂಭಾಷಣೆ ತಿದ್ದಲಕ ನಾನು ಬರ್ತೀನಿ, ಎರಡು ವಾರ ರಜಾ ಹಾಕಿ. ಪಗಾರ ಬ್ಯಾಡ. ಯಾರಾದರೂ ‘ಐತಿ’ ಅಂದ ಶಾಟ್ ಮಾತ್ರ ಮತ್ತೊಮ್ಮೆ ತೆಗೀಬೇಕು.